ಮೋಟಾರು ಗಾಡಿಯ ಪರಕಾಯಪ್ರವೇಶ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ 2025ನೆಯ ಇಸವಿಯಲ್ಲಿ ಒಂದು ಮಸೂದೆಯು ಬಿದ್ದುಹೋಯಿತು. ಮೂವತ್ತೈದು ವರ್ಷ ಮೀರಿದ ಮೋಟಾರು ಗಾಡಿಗಳನ್ನು, ಅವುಗಳಿಗೆ ಸಂಗ್ರಾಹಕರ ವಿಮೆ ಇರುವ ಪಕ್ಷದಲ್ಲಿ, ಹೊಗೆಯ ತನಿಖೆಯಿಂದ ಬಿಡತಕ್ಕದ್ದೆಂಬುದೇ ಅದರ ಸಾರಾಂಶ. ವಿನೋದಗಾರರೂ ಹಳೆಯ ಗಾಡಿಗಳ ಪ್ರಸಿದ್ಧ ಸಂಗ್ರಾಹಕರೂ ಆದ ಜೇ ಲೆನೋ ಎಂಬವರು ಬೆಂಬಲವಾಗಿ ನಿಂತುದರಿಂದ ಜನರು ಅದನ್ನು ‘ಲೆನೋ ಕಾನೂನು’ ಎಂದೇ ಕರೆದರು. ಮೇಲ್ಮನೆಯನ್ನು ದಾಟಿಬಂದ ಮಸೂದೆಯು ಆಗಸ್ಟ್ ತಿಂಗಳಲ್ಲಿ ಕೆಳಮನೆಯ ಹಣಕಾಸಿನ ಸಮಿತಿಯಲ್ಲಿ ತಡೆಯಲ್ಪಟ್ಟಿತು. 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ಗಾಡಿಗಳಿಗೆ ಮೊದಲಿನಿಂದ ಇದ್ದ ವಿನಾಯಿತಿಯಷ್ಟೇ ಉಳಿಯಿತು. ಮಸೂದೆ ಬಿದ್ದುದಕ್ಕೆ ನಾವು ಮರುಗುವವರಲ್ಲ. ಆದರೆ ಆ ಚರ್ಚೆಯ ಬುಡದಲ್ಲಿರುವ ಪ್ರಶ್ನೆಯೊಂದು ನಮ್ಮ ದೇಶಕ್ಕೂ ಸಂಬಂಧಪಟ್ಟುದಾಗಿದೆ. ಗಾಡಿಯ ವಯಸ್ಸನ್ನು ಯಾವುದರಿಂದ ಎಣಿಸಬೇಕು? ಹೊರಗಿನ ಮೈಯಿಂದಲೋ, ಒಳಗಿನ ಯಂತ್ರದಿಂದಲೋ?

ಅಮೆರಿಕದಲ್ಲಿ ಈಗ ಬಹು ಪ್ರಿಯವಾಗಿರುವ ಒಂದು ಬಗೆಯ ಗಾಡಿಯನ್ನು ನೋಡಿದವರಿಗೆ ಈ ಪ್ರಶ್ನೆಯು ಹುಡುಗಾಟಿಕೆಯದೆಂದು ತೋರಲಾರದು. 1947ರ ಬೇಸಗೆಯಲ್ಲಿ ಷೆವ್ರೊಲೆ ಕಂಪನಿಯವರು ಯುದ್ಧಾನಂತರದ ತಮ್ಮ ಹೊಸ ಮಾದರಿಯ ಪಿಕಪ್ ಗಾಡಿಗಳನ್ನು ಹೊರತಂದರು. 1955ರವರೆಗೆ ಅವು ಹೆಚ್ಚುಕಡಿಮೆ ಅದೇ ಆಕಾರದಲ್ಲಿ ತಯಾರಾದವು. ಅರ್ಧ ಟನ್ನಿನ ‘3100’ ಎಂಬುದು ರೈತನ ಹುಲ್ಲನ್ನೂ ಬಡಗಿಯ ಮರವನ್ನೂ ಹೊತ್ತು ದುಡಿದ ಗಾಡಿ. ಸರಕಿಡುವ ತೊಟ್ಟಿಯ ತಳಕ್ಕೆ ಮರದ ಹಲಗೆ. ಮೈಗೆ ಅನೇಕವೇಳೆ ಕಡುಹಸುರು ಬಣ್ಣ. ಅರಿಝೋನಾ, ನ್ಯೂ ಮೆಕ್ಸಿಕೋ ಮುಂತಾದ ಒಣ ಸೀಮೆಗಳಲ್ಲಿ ಬಯಲಿಗೆ ಬಿದ್ದಿದ್ದವುಗಳ ಹಸುರು ಎಪ್ಪತ್ತು ವರ್ಷಗಳ ಬಿಸಿಲಿಗೆ ಬೆಂದು ಮಾಸಿ, ಅಡಿಯ ಪ್ರೈಮರು ತೋರಿ, ಅಲ್ಲಲ್ಲಿ ಕಂದು ತುಕ್ಕು ಹರಡಿದೆ. ಮಳೆ ಕಡಿಮೆಯಾದ್ದರಿಂದ ತಗಡು ಮಾತ್ರ ತೂತುಬಿದ್ದಿರುವುದಿಲ್ಲ. ಬಾಗಿಲಿನ ಮೇಲೆ ಎಂದೋ ಮುಚ್ಚಿದ ಅಂಗಡಿಯ ಹೆಸರು ಅರ್ಧ ಅಳಿಸಿದಂತೆ ಕಾಣುತ್ತದೆ. ಇಂಥದನ್ನು ಕೊಂಡವರು ಹೊಸ ಬಣ್ಣ ಬಳಿಯುವುದಿಲ್ಲ. ಅಗಸೆ ಎಣ್ಣೆಯನ್ನು ತಿಕ್ಕಿಯೋ, ಬಣ್ಣವಿಲ್ಲದ ವಾರ್ನಿಷನ್ನು ಹೊಡೆದೋ ಆ ಮಾಸಲನ್ನೇ ಕಾಪಾಡುತ್ತಾರೆ.

ಮುಚ್ಚಳವನ್ನೆತ್ತಿ ನೋಡಿದರೆ ಬೇರೆಯೇ ಲೋಕ. ಆ ಗಾಡಿಯು ಹುಟ್ಟಿದಾಗ ಅದರಲ್ಲಿದ್ದುದು 216 ಘನ ಅಂಗುಲದ, ಆರು ಸಿಲಿಂಡರಿನ, ಸುಮಾರು 90 ಅಶ್ವಶಕ್ತಿಯ ಇಂಜಿನು. ಅದರ ಬೇರಿಂಗುಗಳು ಬ್ಯಾಬಿಟ್ಟೆಂಬ ಮೆದು ಲೋಹದವು. ಸೌಟಿನಂಥ ತುಂಡುಗಳು ಎಣ್ಣೆಯನ್ನು ಮೊಗೆದು ಎರಚಿ ಅವುಗಳಿಗೆ ಉಣಿಸುತ್ತಿದ್ದವು. ಹಳ್ಳಿಯ ದಾರಿಯಲ್ಲಿ ಮೂವತ್ತು ನಲವತ್ತು ಮೈಲಿ ವೇಗಕ್ಕೆ ಅದು ಸಾಕಾಗಿತ್ತು. ಈಗಿನ ಹೆದ್ದಾರಿಯಲ್ಲಿ ಎಪ್ಪತ್ತು ಮೈಲಿ ವೇಗದ ಸಾಲಿನಲ್ಲಿ ಅದನ್ನು ಓಡಿಸಹೊರಟರೆ ಇಂಜಿನಿಗೂ ಕೇಡು, ಹಿಂದಿನವರಿಗೂ ಕೇಡು. ಬ್ರೇಕಿನ ಸಂಗತಿ ಇನ್ನೂ ಗಂಭೀರವಾದುದು. ನಾಲ್ಕು ಚಕ್ರಗಳಿಗೂ ಡ್ರಂ ಬ್ರೇಕುಗಳು. ನಾಲ್ಕಕ್ಕೂ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರು ಒಂದೇ, ಅದರೊಳಗೆ ದಾರಿಯೂ ಒಂದೇ. ಎಲ್ಲಿಯಾದರೂ ಒಂದು ಕೊಳವೆ ಸೋರಿತೆಂದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋದಂತೆಯೇ. ಮುಂದಿನ ಚಕ್ರಗಳಿಗೆ ದಾರಿ ಬೇರೆ, ಹಿಂದಿನವಕ್ಕೆ ಬೇರೆ ಎಂಬ ಏರ್ಪಾಡು ಅಮೆರಿಕದ ಗಾಡಿಗಳಲ್ಲಿ ಸಾರ್ವತ್ರಿಕವಾದುದು 1960ರ ದಶಕದ ಕೊನೆಯಲ್ಲಿ. ದೀಪಗಳು ಆರು ವೋಲ್ಟಿನವು; ಸೀಟ್ ಬೆಲ್ಟಿನ ಹೆಸರೇ ಇಲ್ಲ.

ಆದಕಾರಣ ಇವನ್ನೆಲ್ಲ ತೆಗೆದು ಹೊಸದನ್ನು ಕೂಡಿಸುತ್ತಾರೆ. 1999ರಿಂದೀಚಿನ ಷೆವ್ರೊಲೆ ಪಿಕಪ್ಪುಗಳ 5.3 ಲೀಟರಿನ ಎಂಟು ಸಿಲಿಂಡರಿನ ಇಂಜಿನು, ಅಪಘಾತವಾದ ಗಾಡಿಗಳಿಂದ ಬಿಚ್ಚಿದುದು, ಅಲ್ಲಿಯ ಗುಜರಿಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಅದರ ಬಲ 270 ಅಶ್ವಶಕ್ತಿಗೆ ಕಡಿಮೆಯಿಲ್ಲ. ಮುಂದಿನ ಗಟ್ಟಿ ಅಚ್ಚನ್ನು ತೆಗೆದು, 1974ರಿಂದ 1978ರವರೆಗೆ ತಯಾರಾದ ಫೋರ್ಡ್ ಮಸ್ಟಾಂಗ್ ಗಾಡಿಯ ಮಾದರಿಯ ಸ್ಪ್ರಿಂಗುಗಳ ಜೋಡಣೆಯನ್ನು ಹಾಕುವುದು ವಾಡಿಕೆ. ಷೆವ್ರೊಲೆಯ ಮೈಗೆ ಫೋರ್ಡಿನ ಕಾಲು! ಡಿಸ್ಕ್ ಬ್ರೇಕು, ಹನ್ನೆರಡು ವೋಲ್ಟಿನ ದೀಪ, ಸೀಟ್ ಬೆಲ್ಟು ಇವು ಹಿಂದೆಯೇ ಬರುತ್ತವೆ. 2021ರಲ್ಲಿ ಫೋರ್ಡ್ ಕಂಪನಿಯವರೇ 1978ರ ಪಿಕಪ್ಪೊಂದಕ್ಕೆ ಎರಡು ವಿದ್ಯುತ್ ಮೋಟಾರುಗಳನ್ನು ಕೂಡಿಸಿ, 480 ಅಶ್ವಶಕ್ತಿಯ ಗಾಡಿಯನ್ನಾಗಿ ಮಾಡಿ ಲಾಸ್ ವೇಗಾಸಿನ ಪ್ರದರ್ಶನದಲ್ಲಿಟ್ಟಿದ್ದರು. ಜೀರ್ಣವಾದ ವಸ್ತ್ರವನ್ನು ಬಿಟ್ಟು ಹೊಸದನ್ನುಡುವ ಆತ್ಮನ ಉಪಮಾನವನ್ನು ನಾವು ಪಾಠಶಾಲೆಯಲ್ಲಿ ಕೇಳಿದ್ದೆವು. ಇಲ್ಲಿ ವಸ್ತ್ರವು ಜೀರ್ಣವಾಗಿಯೇ ಉಳಿದು ಆತ್ಮನೇ ಬದಲಾಗಿದ್ದಾನೆ. ಆಚಾರ್ಯ ಶಂಕರರು ಅಮರುಕರಾಜನ ಶರೀರವನ್ನು ಹೊಕ್ಕ ಕಥೆಯೇ ಇದಕ್ಕೆ ಹೆಚ್ಚು ಸಮೀಪ.

ಈ ಪದ್ಧತಿಯನ್ನು ನಾವು ಒಪ್ಪುತ್ತೇವೆ. ರಸ್ತೆಯಲ್ಲಿ ಹೋಗುವ ಪರರ ಪ್ರಾಣಕ್ಕೆ ಬೇಕಾದುದು ಒಳ್ಳೆಯ ಬ್ರೇಕು. ಬಾಗಿಲ ಮೇಲಿನ ಬಣ್ಣವು ಮಾಸಿದ್ದರೆ ಯಾರಿಗೂ ಬಾಧೆಯಿಲ್ಲ. ಆದರೆ ಎರಡು ವಿಷಯಗಳಲ್ಲಿ ನಮ್ಮ ಆಕ್ಷೇಪವಿದೆ. ಮಾಸಲಿಗೆ ಬೆಲೆ ಬಂದೊಡನೆ ಕೃತಕ ಮಾಸಲೂ ಹುಟ್ಟಿತು. ಪದರ ಪದರವಾಗಿ ಬಣ್ಣ ಬಳಿದು, ಉಜ್ಜುಕಾಗದದಿಂದ ತಿಕ್ಕಿ, ಉಪ್ಪು ಹುಳಿಗಳಿಂದ ತುಕ್ಕು ಹಿಡಿಸಿ, ಎಂದೂ ಇರದಿದ್ದ ಅಂಗಡಿಯ ಹೆಸರನ್ನು ಬಾಗಿಲ ಮೇಲೆ ಬರೆದು ಅರ್ಧ ಅಳಿಸುವವರಿದ್ದಾರೆ. ಹುಣಸೆಹಣ್ಣು ತಿಕ್ಕಿ ಹಿತ್ತಾಳೆಯ ಕಿಲುಬು ಬಿಡಿಸುವುದನ್ನು ಕಂಡು ಬೆಳೆದ ನಾವು, ಕಿಲುಬು ಹಿಡಿಸಲು ಕೂಲಿ ಕೊಡುವ ಕಾಲವನ್ನೂ ಕಾಣಬೇಕಾಯಿತು! ಇದು ಕೊಳ್ಳುವವನ ಕಿಸೆಗೆ ಮಾತ್ರ ತಗಲುವ ಮೋಸ. ಇನ್ನೊಂದು ಪ್ರಾಣಕ್ಕೆ ತಗಲುವುದು. ಇಂಜಿನನ್ನು ಮಾತ್ರ ಬದಲಾಯಿಸಿ ಹಳೆಯ ಬ್ರೇಕನ್ನೇ ಉಳಿಸಿದವನು, 90 ಅಶ್ವಶಕ್ತಿಯನ್ನು ತಡೆಯಲು ಮಾಡಿದ ಸಾಧನವನ್ನು ಅದರ ಮೂರರಷ್ಟು ಬಲದ ಮುಂದೆ ನಿಲ್ಲಿಸಿದಂತಾಯಿತು.

ಕಾನೂನು ಇವೆರಡನ್ನೂ ಬೇರ್ಪಡಿಸಿ ನೋಡುವುದಿಲ್ಲ. ಆ ಕಾಲದಲ್ಲಿ ಅಮೆರಿಕದ ಅನೇಕ ಸಂಸ್ಥಾನಗಳು ಗಾಡಿಯನ್ನು ಇಂಜಿನಿನ ಸಂಖ್ಯೆಯಿಂದಲೇ ದಾಖಲೆ ಮಾಡುತ್ತಿದ್ದವು; ಇಂಜಿನು ಹೋದರೆ ಕಾಗದಪತ್ರದ ಮಟ್ಟಿಗೆ ಗಾಡಿಯೇ ಹೋದಂತೆ. ಈಗಿನ ಕ್ಯಾಲಿಫೋರ್ನಿಯಾದಲ್ಲಾದರೋ ಮೈಯ ವರ್ಷವೇ ಪ್ರಮಾಣ: 1950ರ ಮೈಯೊಳಗೆ ಯಾವ ಇಂಜಿನಿದ್ದರೂ ನಿಯತಕಾಲದ ಹೊಗೆಯ ತನಿಖೆಗೆ ಅದು ಬರಬೇಕಾಗಿಲ್ಲ.

ಇನ್ನು ನಮ್ಮ ದೇಶದ ಸಂಗತಿ. ಷೆವ್ರೊಲೆ ನಮಗೆ ಅಪರಿಚಿತವಾದ ಹೆಸರಲ್ಲ. ಜನರಲ್ ಮೋಟಾರ್ಸ್ ಕಂಪನಿಯವರು 1928ರಿಂದ 1954ರವರೆಗೆ ಬೊಂಬಾಯಿಯ ಸೇವ್ರಿಯಲ್ಲಿ ಗಾಡಿಗಳನ್ನು ಜೋಡಿಸುತ್ತಿದ್ದರು. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರದವರು ಪುರಾತನ ಗಾಡಿಗಳಿಗೆಂದು ನಿಯಮಗಳನ್ನು ರಚಿಸಿದರು. ಐವತ್ತು ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು, ಚಾಸಿಸಿನಲ್ಲಾಗಲಿ ಮೈಯಲ್ಲಾಗಲಿ ಇಂಜಿನಿನಲ್ಲಾಗಲಿ ಮಾರ್ಪಾಡಾಗಿರಕೂಡದು. ಹೊಸದಾಗಿ ನೋಂದಾಯಿಸಲು ಇಪ್ಪತ್ತು ಸಾವಿರ ರೂಪಾಯಿ ಶುಲ್ಕ. ಬ್ರೇಕಿನ ಮಾತನ್ನು ಅಲ್ಲಿ ಬಿಡಿಸಿ ಹೇಳಿಲ್ಲ. ಉಳಿದ ಗಾಡಿಗಳಿಗೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ಮೂಲ ನಿರ್ದೇಶವನ್ನು ಮೀರಿ ಬದಲಾಯಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಆ ತೀರ್ಪಿಗೆ ಕಾರಣವಿಲ್ಲದಿಲ್ಲ. ಮನಬಂದಂತೆ ಮೈಯನ್ನು ಹಿಗ್ಗಿಸಿದ ಬಸ್ಸು ಲಾರಿಗಳು ಏನು ಮಾಡಬಲ್ಲವೆಂಬುದು ಪೋಲೀಸು ಇಲಾಖೆಯವರಿಗೆ ಚೆನ್ನಾಗಿ ಗೊತ್ತು. ಆದರೆ ಇದರ ಫಲವಾಗಿ, ಹಳೆಯ ಪಿಕಪ್ಪಿಗೆ ಒಳ್ಳೆಯ ಬ್ರೇಕನ್ನು ಹಾಕಿಸಹೊರಟ ಯಜಮಾನನೂ, ಅದರ ಚಾಸಿಸನ್ನು ಕೊಯ್ದು ಬೆಸೆದವನೂ ಅಧಿಕಾರಿಗಳ ಕಣ್ಣಿಗೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗಿದೆ.

ಬೇರೆ ದಾರಿಯಿಲ್ಲವೆನ್ನುವಂತಿಲ್ಲ. ಒಪ್ಪಿಗೆ ಪಡೆದ ವಿದ್ಯುತ್ ಮೋಟಾರನ್ನು ಹಳೆಯ ಗಾಡಿಗೆ ಕೂಡಿಸುವುದಕ್ಕೆ ಕಾನೂನಿನಲ್ಲಿ ಈಗಾಗಲೇ ಅವಕಾಶವಿದೆ. ಅಂದಮೇಲೆ ಪರಕಾಯಪ್ರವೇಶವೇ ಸರ್ಕಾರಕ್ಕೆ ಅಸಮ್ಮತವೆನ್ನಲಾಗದು. 2019ರ ತಿದ್ದುಪಡಿಯು ಮಾರ್ಪಾಡುಗಳಿಗೆ ನಿರ್ದೇಶಗಳನ್ನೂ ಒಪ್ಪಿಗೆಯ ಷರತ್ತುಗಳನ್ನೂ ವಿಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರದಿಂದ ಡಿಸ್ಕ್ ಬ್ರೇಕು, ಎರಡು ದಾರಿಯ ಮಾಸ್ಟರ್ ಸಿಲಿಂಡರು, ಸೀಟ್ ಬೆಲ್ಟು, ಹನ್ನೆರಡು ವೋಲ್ಟಿನ ದೀಪ ಇಷ್ಟನ್ನಾದರೂ ಹೆಸರಿಸಿ, ಪುಣೆಯ ವಾಹನ ಸಂಶೋಧನ ಸಂಸ್ಥೆಯಂಥವರಿಂದ ಪರೀಕ್ಷೆ ಮಾಡಿಸಿ, ನೋಂದಣಿ ಪುಸ್ತಕದಲ್ಲಿ ‘ಮೂಲರೂಪದ್ದಲ್ಲ, ಪರೀಕ್ಷಿತ’ ಎಂದು ಬರೆದುಕೊಡಬಹುದು. ಅಂಥ ಗಾಡಿಗೆ ಪುರಾತನವೆಂಬ ಬಿರುದನ್ನು ಕೊಡಬೇಕೆಂದು ನಾವು ಕೇಳುವುದಿಲ್ಲ. ಇಂಜಿನಿನ ಬಲವನ್ನು ಹೆಚ್ಚಿಸಿದವನು ಬ್ರೇಕನ್ನು ಮೊದಲು ತೋರಿಸತಕ್ಕದ್ದೆಂಬ ಷರತ್ತನ್ನೂ ಜೊತೆಯಲ್ಲೇ ಹಾಕಲಿ. ಇದಕ್ಕೆ ಹೊಸ ಕಾಯಿದೆ ಬೇಕಾಗಿಲ್ಲ; ಒಂದು ಅಧಿಸೂಚನೆ ಸಾಕು. ಅದಕ್ಕೆ ಇರುವ ಅಡ್ಡಿ ಯಾವುದೆಂಬುದನ್ನು ಸಾರಿಗೆ ಸಚಿವಾಲಯದವರು ತಿಳಿಸಬೇಕಾಗಿದೆ.