ಮನೆಯ ಹೊಲಿಗೆ, ಮನೆಯ ಹೊತ್ತು

ಓಣಿಯೊಂದರ ಮನೆಯ ಮುಂಗಟ್ಟಿನಲ್ಲಿ ಹಲವು ವರ್ಷಗಳಿಂದ ತೂಗುತ್ತಿದ್ದ ಚಿಕ್ಕ ಹಲಗೆಯೊಂದು ಒಂದು ಮುಂಜಾನೆ ಕಾಣೆಯಾಗುತ್ತದೆ. ‘ಇಲ್ಲಿ ಕುಬಸ, ಲಂಗ, ಫ್ರಾಕು ಹೊಲಿದು ಕೊಡಲಾಗುವುದು’ ಎಂಬ ಬರಹ ಅದರ ಮೇಲಿತ್ತು. ಹಲಗೆ ಇಳಿದ ಸುದ್ದಿ ಓಣಿಯ ತುಂಬ ಹರಡಲು ಮಧ್ಯಾಹ್ನದವರೆಗೆ ಬೇಕಾಗುವುದಿಲ್ಲ. ಕಾರಣ ಕೇಳಿದವರಿಗೆಲ್ಲ ಮನೆಯಾಕೆ ಕೊಡುವ ಉತ್ತರ ಒಂದೇ: ‘ಮನಿ ಕಡೆ ನೋಡಾಕ ಹೊತ್ತು ಸಾಲವಲ್ದರೀ.’

ಇದು ಯಾವುದೋ ಒಂದು ಊರಿನ, ಒಂದು ಮನೆಯ ಸಂಗತಿಯಲ್ಲ. ಸಂಸಾರದ ಗಳಿಕೆಗೆ ನಾಲ್ಕು ಕಾಸು ಕೂಡಿಸಲೆಂದು ಪಡಸಾಲೆಯ ಕಿಟಕಿಯ ಬಳಿ ಹೊಲಿಗೆ ಯಂತ್ರವನ್ನು ಇರಿಸಿಕೊಂಡ ಮನೆಗಳು ಕರ್ನಾಟಕದ ಊರೂರುಗಳಲ್ಲಿಯೂ ಇವೆ. ಅವುಗಳಲ್ಲಿ ಎಷ್ಟೋ ಯಂತ್ರಗಳು ಒಂದಲ್ಲ ಒಂದು ದಿನ ಹೀಗೆಯೇ ಮುಸುಕು ಹೊದ್ದು ಮೂಲೆ ಸೇರುತ್ತವೆ. ಆಗ ಸಮಾಜವು ಎರಡು ಬಗೆಯ ತೀರ್ಪನ್ನು ಕೊಡುತ್ತದೆ. ‘ಈಗಲಾದರೂ ಮನೆಯ ಧರ್ಮ ನೆನಪಾಯಿತಲ್ಲ’ ಎಂದು ಮೆಚ್ಚುವವರದು ಒಂದು ಬಗೆ. ‘ಕೈಗೆ ಬಂದ ಲಕ್ಷ್ಮಿಯನ್ನು ಕಳೆದುಕೊಂಡಳು’ ಎಂದು ಮರುಗುವವರದು ಇನ್ನೊಂದು ಬಗೆ. ಮೆಚ್ಚುವವರಾಗಲಿ, ಮರುಗುವವರಾಗಲಿ ಆಕೆಯ ದಿನದ ಲೆಕ್ಕವನ್ನು ಕೇಳಿದವರಲ್ಲ. ಲೆಕ್ಕ ಕೇಳದೆ ಕೊಟ್ಟ ತೀರ್ಪು ಎಷ್ಟು ಒಳ್ಳೆಯ ಮನಸ್ಸಿನಿಂದ ಬಂದರೂ ನ್ಯಾಯವಾಗಲಾರದು.

ಮನೆಯಲ್ಲಿ ನಡೆಯುವ ಹೊಲಿಗೆಯ ಉದ್ಯೋಗಕ್ಕೆ ಒಂದು ವಿಶೇಷವಿದೆ, ಅದಕ್ಕೆ ಬಾಗಿಲಿಲ್ಲ. ಅಂಗಡಿಗೆ ಕದವುಂಟು, ಕಚೇರಿಗೆ ವೇಳೆಯುಂಟು, ಶಾಲೆಗೆ ಗಂಟೆಯುಂಟು. ಪಡಸಾಲೆಯ ಯಂತ್ರಕ್ಕೆ ಇವಾವುವೂ ಇಲ್ಲ. ಅಳತೆ ಕೊಡಲು ಬಂದವರು ಹಂಚಿನ ಮೇಲೆ ರೊಟ್ಟಿ ಇರುವುದನ್ನು ಗಮನಿಸುವುದಿಲ್ಲ. ಇತ್ತೀಚಿನ ದಿನಗಳಲ್ಲಂತೂ ರಾತ್ರಿ ಹತ್ತು ಗಂಟೆಗೂ ಮೊಬೈಲಿನಲ್ಲಿ ತೋಳಿನ ವಿನ್ಯಾಸದ ಚಿತ್ರ ಬಂದು ಇಳಿಯುತ್ತದೆ. ಅಸ್ತರಿನ ಒಂದು ಕುಬಸವೆಂದರೆ ಅಳತೆ, ಕತ್ತರಿಕೆ, ಅಸ್ತರು ಕೂಡಿಸುವುದು, ತೋಳು ಹಚ್ಚುವುದು, ಕೊನೆಗೆ ಕೈಯಿಂದಲೇ ಮುಗಿಸಬೇಕಾದ ಹುಕ್ಕು, ಕಾಜಾ, ಅಂಚು ಮಡಿಸುವ ಕೆಲಸ. ಗುಳೇದಗುಡ್ಡದ ಖಣವಾದರೆ ಅದರ ಅಂಚು ಎರಡೂ ತೋಳಿಗೆ ಸಮನಾಗಿ ಬರಬೇಕು. ಒಂದು ನೂಲು ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ಹೊಲಿಯಬೇಕು. ಈ ಬಿಚ್ಚುವ ಕೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಇನ್ನೂ ಒಂದು ಮಾತುಂಟು. ಲೋಕಕ್ಕೆ ಹಬ್ಬ ಬಂದಾಗಲೇ ಹೊಲಿಗೆಯವಳಿಗೆ ದುಡಿಮೆಯ ಸುಗ್ಗಿ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುವಾಗ ಆಕೆ ಅವರ ಕುಬಸಗಳ ಮುಂದೆ ಕುಳಿತಿರುತ್ತಾಳೆ. ದೀಪಾವಳಿಯ ಹಿಂದಿನ ರಾತ್ರಿ ಅವಳ ಮನೆಯಲ್ಲಿ ಉರಿಯುವುದು ಹಣತೆಗಿಂತ ಮೊದಲು ಯಂತ್ರದ ಮೇಲಿನ ದೀಪ. ಬೇಸಿಗೆಯ ಲಗ್ನಸರಾಯಿ ಮುಗಿಯುವಷ್ಟರಲ್ಲಿ ಶಾಲೆಗಳು ತೆರೆದು ಸಮವಸ್ತ್ರದ ರಾಶಿ ಬಂದು ಬೀಳುತ್ತದೆ. ಹೀಗೆ ಊರಿನ ಮಕ್ಕಳೆಲ್ಲ ಹೊಸ ಬಟ್ಟೆಯಲ್ಲಿ ನಲಿಯುವ ದಿನ ಅವಳ ಸ್ವಂತ ಮಕ್ಕಳ ಅಂಗಿಗೆ ಗುಂಡಿ ಹಚ್ಚುವುದು ಉಳಿದಿರುವುದುಂಟು.

ಹೊಲಿಗೆ ಯಂತ್ರವು ಹುಟ್ಟಿದ್ದು ಹೊತ್ತನ್ನು ಉಳಿಸುವುದಕ್ಕಾಗಿ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಸಿಂಗರ್ 1851ರಲ್ಲಿಯೂ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ಕಂತಿನ ಮೇಲೆ ಹಣ ಕೊಡುವ ಪದ್ಧತಿಯಿಂದ ಸಿಂಗರ್ ಯಂತ್ರವು ಸಾಮಾನ್ಯರ ಮನೆಗಳನ್ನು ಹೊಕ್ಕಿತು. ಯಂತ್ರಗಳ ವಿಷಯದಲ್ಲಿ ಅಷ್ಟೊಂದು ಎಚ್ಚರಿಕೆಯಿಂದಿದ್ದ ಮಹಾತ್ಮ ಗಾಂಧಿಯವರು 1924ರ ಒಂದು ಸಂಭಾಷಣೆಯಲ್ಲಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಕೈಹೊಲಿಗೆಯಲ್ಲಿ ಬಳಲುತ್ತಿದ್ದ ಹೆಂಡತಿಯನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಆ ಯಂತ್ರವನ್ನು ಕಲ್ಪಿಸಿದನೆಂಬುದು ಅವರ ಭಾವನೆ. ಚರಿತ್ರೆಯು ಅಷ್ಟು ಕೋಮಲವಾಗಿಲ್ಲದಿದ್ದರೂ ಆ ಮಾತಿನ ಹಿಂದಿನ ಅಳತೆಗೋಲು ಇಂದಿಗೂ ಸರಿಯಾದುದೇ. ಯಂತ್ರವು ಮನುಷ್ಯನ ಬಳಲಿಕೆಯನ್ನು ಕಡಿಮೆ ಮಾಡಬೇಕು. ಕೈಯಿಂದ ಒಂದು ದಿನ ಹಿಡಿಯುವ ಹೊಲಿಗೆ ಯಂತ್ರದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಯುವುದಾದರೆ, ಉಳಿದ ಹೊತ್ತು ಎಲ್ಲಿ ಹೋಯಿತು? ಅದು ಮತ್ತೊಬ್ಬರ ಕುಬಸಕ್ಕೆ ಹೋಯಿತು. ಅದರಿಂದ ಉಳಿದುದು ಮತ್ತೊಂದು ಸಮವಸ್ತ್ರಕ್ಕೆ ಹೋಯಿತು. ಯಂತ್ರ ಉಳಿಸಿಕೊಟ್ಟ ಹೊತ್ತನ್ನು ಯಂತ್ರವೇ ನುಂಗಿತು.

ಆದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸುವುದು ಸಲ್ಲದು. ಭಾರತ ಸರಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆಯನ್ನು ನಡೆಸಿತು. ಆರು ವರ್ಷಕ್ಕೆ ಮೇಲ್ಪಟ್ಟವರಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕುವವರು ಹೆಂಗಸರಲ್ಲಿ ನೂರಕ್ಕೆ 81 ಮಂದಿಯಾದರೆ ಗಂಡಸರಲ್ಲಿ ನೂರಕ್ಕೆ 26 ಮಂದಿ ಮಾತ್ರ. ಹಾಗೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು ದುಡಿದದ್ದು 97 ನಿಮಿಷ. ಎಂದರೆ, ಹೊಲಿಗೆಯವಳು ಯಂತ್ರದ ಮುಂದೆ ಕುಳಿತುಕೊಳ್ಳುವ ಮೊದಲೇ ಅವಳ ದಿನದ ಸುಮಾರು ಐದು ಗಂಟೆ ಬರೆದಿಟ್ಟಂತೆ ಖರ್ಚಾಗಿರುತ್ತದೆ. ಅದರ ಮೇಲೆ ಆರು ಗಂಟೆಯ ಹೊಲಿಗೆಯನ್ನು ಕೂಡಿಸಿದರೆ ಉಳಿಯುವುದೇನು? ‘ಮನೆಗೆ ಹೊತ್ತು ಸಾಲದು’ ಎಂಬ ಅವಳ ಮಾತಿಗೆ ಈಗ ಬೇರೆಯ ಅರ್ಥ ಹೊಳೆಯುತ್ತದೆ. ಮನೆಗೆ ಹೊತ್ತು ಸಾಲದಾದುದು ಅವಳು ಹೊಲಿದುದರಿಂದ ಮಾತ್ರವಲ್ಲ. ಮನೆಯ ಕೆಲಸವನ್ನು ಅವಳೊಬ್ಬಳೇ ಹೊತ್ತುದರಿಂದಲೂ ಹೌದು.

ಕೆಲಸ ನಿಲ್ಲಿಸುವ ನಿರ್ಧಾರವು ಬಹುತೇಕ ದೊಡ್ಡ ಘಟನೆಯಿಂದ ಬರುವುದಿಲ್ಲ. ಶಾಲೆಯಿಂದ ಬಂದ ಮಗಳು ನೋಟುಪುಸ್ತಕ ಹಿಡಿದು ಯಂತ್ರದ ಪಕ್ಕದಲ್ಲಿ ನಿಲ್ಲುತ್ತಾಳೆ. ‘ತಡಿ, ಇದೊಂದು ತೋಳು ಹಚ್ಚತೀನಿ’ ಎನ್ನುತ್ತಾಳೆ ತಾಯಿ. ತೋಳಿನ ಹಿಂದೆ ಕೊರಳು, ಕೊರಳಿನ ಹಿಂದೆ ಅಂಚು. ತಲೆ ಎತ್ತಿ ನೋಡುವಾಗ ಮಗು ನೋಟುಪುಸ್ತಕದ ಮೇಲೆಯೇ ನಿದ್ದೆ ಹೋಗಿರುತ್ತದೆ. ಇಂಥ ಸಂಜೆಗಳು ಒಂದರ ಮೇಲೊಂದು ಕೂಡಿದಾಗ ಒಂದು ದಿನ ಹಲಗೆ ಇಳಿಯುತ್ತದೆ. ಇದನ್ನು ಸೋಮಾರಿತನವೆಂದು ಯಾರೂ ಅನ್ನಲಾರರು. ಬಾಲ್ಯವು ಹಬ್ಬದ ಗಿರಾಕಿಯಂತೆ ಮುಂದಿನ ವರ್ಷ ಮತ್ತೆ ಬರುವಂಥದಲ್ಲವೆಂಬ ತಿಳಿವಳಿಕೆ ಅದು.

ಹಾಗೆಂದು ಇದರ ಇನ್ನೊಂದು ಮುಖವನ್ನು ಮರೆಯಬಾರದು. ಹೊಲಿಗೆಯ ಹಣ ಬರಿಯ ಹಣವಲ್ಲ. ಮಕ್ಕಳ ಪರೀಕ್ಷೆಯ ಶುಲ್ಕ, ಮುಪ್ಪಿನ ಅತ್ತೆಯ ಔಷಧ, ತವರಿಗೆ ಹೋಗಿಬರುವ ಖರ್ಚು ಇವುಗಳಿಗೆ ಯಾರ ಮುಂದೆಯೂ ಕೈಯೊಡ್ಡದಂತೆ ಮಾಡಿದ್ದು ಆ ಹಣ. ಗಳಿಸುವವಳ ಮಾತಿಗೆ ಮನೆಯಲ್ಲಿ ಒಂದು ತೂಕ ಬಂದಿರುತ್ತದೆ. ಅದೂ ಅಲ್ಲದೆ, ಸ್ವಂತ ಉದ್ಯೋಗದಲ್ಲಿ ಒಡೆತಿಯೂ ತಾನೆ, ಆಳೂ ತಾನೆ; ರಜೆಯಿಲ್ಲ, ನಿವೃತ್ತಿ ವೇತನವಿಲ್ಲ. ಹದಿನೈದು ವರ್ಷ ದುಡಿದು ನಿಲ್ಲಿಸಿದವಳ ಕೈಯಲ್ಲಿ ಉಳಿಯುವುದು ಕತ್ತರಿಯ ಉಂಗುರ ಒತ್ತಿದ ಜಡ್ಡು ಮಾತ್ರ. ಆದ್ದರಿಂದ ಹೊಲಿಗೆ ನಿಲ್ಲಿಸಿದ ಪ್ರತಿಯೊಬ್ಬಳನ್ನೂ ತ್ಯಾಗಮೂರ್ತಿಯೆಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭವಾದ ಅನ್ಯಾಯ.

ಹೀಗಿರಲು ಮೂರು ಪ್ರಶ್ನೆಗಳನ್ನು ಕೇಳದೆ ಈ ವಿಷಯದಲ್ಲಿ ತೀರ್ಪು ಕೊಡಬಾರದು. ನಿಲ್ಲಿಸಬೇಕೆಂಬ ನಿರ್ಧಾರ ಅವಳದೇ ಅಥವಾ ಅವಳ ಮೇಲೆ ಹೇರಿದುದೇ ಎಂಬುದು ಮೊದಲನೆಯದು. ಉಳಿದ ಹೊತ್ತು ನಿಜವಾಗಿಯೂ ಮಕ್ಕಳಿಗೂ ಅವಳ ವಿಶ್ರಾಂತಿಗೂ ಸಿಗುತ್ತದೆಯೇ ಅಥವಾ ಇತರರು ಬಿಟ್ಟ ಮನೆಗೆಲಸವೇ ಅದನ್ನು ತುಂಬುತ್ತದೆಯೇ ಎಂಬುದು ಎರಡನೆಯದು. ಬೇಕೆನಿಸಿದ ದಿನ ಆ ಮುಸುಕನ್ನು ತೆಗೆದು ಮತ್ತೆ ಕುಳಿತುಕೊಳ್ಳುವ ಸ್ವಾತಂತ್ರ್ಯ ಅವಳಿಗೆ ಉಳಿದಿದೆಯೇ ಎಂಬುದು ಮೂರನೆಯದು. ಈ ಮೂರಕ್ಕೂ ತೃಪ್ತಿಕರವಾದ ಉತ್ತರವಿರುವ ಮನೆಯಲ್ಲಿ ಯಂತ್ರ ನಿಂತರೆ ದುಃಖಿಸಬೇಕಾದುದಿಲ್ಲ. ಇಲ್ಲದ ಮನೆಯಲ್ಲಿ ಯಂತ್ರ ನಡೆದರೂ ಸಂತೋಷಪಡಬೇಕಾದುದಿಲ್ಲ.

ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಇಲ್ಲಿ ನೆನಪಾಗುವುದು ಸಹಜ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮೀರಿದುದು ಬೇಡವೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳುಹಿಸಿದಳು. ಆಸೆಗೆ ಮಿತಿಯಿರಬೇಕೆಂಬ ಪಾಠಕ್ಕಾಗಿ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಅಂಶವಿದೆ. ‘ಸಾಕು’ ಎಂಬ ಅಳತೆಯನ್ನು ಅಲ್ಲಿ ಹೆಂಡತಿ ನುಡಿದಳು, ಗಂಡ ಕಿವಿಗೊಟ್ಟು ಕೇಳಿದ, ಕೇಳಿ ನಡೆದುಕೊಂಡ. ದುಡಿಮೆ ಎಷ್ಟಿರಬೇಕೆಂಬುದನ್ನು ದಂಪತಿಗಳು ಕೂಡಿ ನಿಶ್ಚಯಿಸಿದ ಮನೆ ಅದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಒಪ್ಪಿದ ಮೇಲೆ ಮಗುವಿನ ಪಾಠ ನೋಡುವುದು, ಮುದುಕರಿಗೆ ನೀರು ಕಾಯಿಸಿಕೊಡುವುದು ಕಾಯಕವಲ್ಲವೆನ್ನಲು ಬಾರದು; ಕಾಯಕವೆಂದು ಒಪ್ಪಿದ ಮೇಲೆ ಅದು ಗಂಡಸಿಗೆ ತಕ್ಕುದಲ್ಲವೆನ್ನಲೂ ಬಾರದು. ಸೂಜಿಕಾಯಕದ ರಾಮಿತಂದೆಯೆಂಬ ಶರಣನು ಸೂಜಿ ಹಿಡಿದೇ ಬಾಳಿದ ಈ ನಾಡಿನಲ್ಲಿ ಕೆಲಸಗಳನ್ನು ಗಂಡು ಹೆಣ್ಣೆಂದು ಹಂಚುವುದಕ್ಕೆ ಆಧಾರವೇ ಇಲ್ಲ.

ಉದ್ಯೋಗವನ್ನು ನಿಲ್ಲಿಸುವುದರಲ್ಲಿಯೂ ಒಂದು ಕ್ರಮವಿದೆ. ತಿಳಿವಳಿಕೆಯುಳ್ಳ ಹೆಣ್ಣುಮಗಳು ಹಬ್ಬದ ನಡುವೆ ಕೈಬಿಡುವುದಿಲ್ಲ. ಎರಡು ತಿಂಗಳು ಮೊದಲೇ ಹೊಸ ಬಟ್ಟೆ ಹಿಡಿಯುವುದನ್ನು ನಿಲ್ಲಿಸುತ್ತಾಳೆ. ಒಪ್ಪಿಕೊಂಡುದನ್ನು ಮುಗಿಸಿ, ಉಳಿದ ತುಂಡನ್ನೂ ಅವರವರಿಗೆ ಮರಳಿಸಿ, ಬಾಕಿಯ ಲೆಕ್ಕ ತೀರಿಸುತ್ತಾಳೆ. ತನ್ನ ಬಳಿ ಕಲಿತ ಹುಡುಗಿಗೆ ಅಳತೆಯ ಪುಸ್ತಕವನ್ನೂ ಗಿರಾಕಿಗಳ ಪರಿಚಯವನ್ನೂ ಒಪ್ಪಿಸುತ್ತಾಳೆ. ಯಾರಿಗೂ ಬೇಡವಾದ ಚೂರುಗಳನ್ನು ಕೂಡಿಸಿ ಮನೆಗೊಂದು ಕೌದಿ ಹೊಲಿಯುತ್ತಾಳೆ. ಯಂತ್ರವನ್ನು ಮಾತ್ರ ಮಾರುವುದಿಲ್ಲ; ಎಣ್ಣೆ ಬಿಟ್ಟು, ಮುಸುಕು ಹೊದಿಸಿ ಇಡುತ್ತಾಳೆ. ಕಲಿತ ವಿದ್ಯೆ ಕೈಯಲ್ಲಿದೆ. ಕಾಲ ಕೂಡಿದಾಗ ಅದು ಮತ್ತೆ ಅನ್ನ ಕೊಡುತ್ತದೆ.

ಇದು ಮನೆಯ ಒಳಗಿನ ಸಂಗತಿಯಾದರೂ ವಿದ್ಯಾಸಂಸ್ಥೆಗಳು ಇದರಿಂದ ದೂರವಿಲ್ಲ. ಸಮವಸ್ತ್ರದ ಬಟ್ಟೆಯನ್ನು ಮೇ ತಿಂಗಳ ಕೊನೆಗೆ ಕೊಟ್ಟು ಜೂನ್ ಮೊದಲ ವಾರದಲ್ಲಿ ಬೇಕೆನ್ನುವ ಬದಲು ಫೆಬ್ರುವರಿಯಲ್ಲಿಯೇ ಕೊಟ್ಟರೆ ಹೊಲಿಯುವ ತಾಯಂದಿರ ರಾತ್ರಿಗಳು ಉಳಿಯುತ್ತವೆ. ಸಂಜೆ ಎರಡು ಗಂಟೆ ಶಾಲೆಯ ಒಂದು ಕೋಣೆಯನ್ನು ಅಭ್ಯಾಸಕ್ಕೆ ತೆರೆದಿಟ್ಟು ಒಬ್ಬ ಶಿಕ್ಷಕರು ಮೇಲ್ವಿಚಾರಣೆ ಮಾಡಿದರೆ, ದುಡಿಯುವ ತಾಯಿ ಮಗುವಿನ ಪಾಠವನ್ನೋ ಹೊಲಿಗೆಯನ್ನೋ ಬಿಡಬೇಕಾದ ಇಕ್ಕಟ್ಟು ಎಷ್ಟೋ ಸಡಿಲವಾಗುತ್ತದೆ. ಪಾಲಕರ ಸಭೆಗೆ ತಂದೆಯರನ್ನೂ ಹೆಸರು ಹಿಡಿದು ಕರೆಯಬೇಕು. ಗಂಡುಮಕ್ಕಳಿಗೂ ಗುಂಡಿ ಹಚ್ಚುವುದನ್ನು, ತಮ್ಮ ತಟ್ಟೆ ತಾವು ತೊಳೆಯುವುದನ್ನು ಕಲಿಸಬೇಕು. 97 ಮತ್ತು 299ರ ನಡುವಿನ ಅಂತರ ಕಿರಿದಾಗಬೇಕಾದರೆ ಆರಂಭ ಅಲ್ಲಿಂದಲೇ.

ದಾನಿಗಳಲ್ಲಿಯೂ ಒಂದು ಅರಿಕೆಯಿದೆ. ಬಡ ಹೆಣ್ಣುಮಗಳಿಗೆ ಹೊಲಿಗೆ ಯಂತ್ರ ಕೊಡುವುದು ಪುಣ್ಯದ ಕೆಲಸ; ಆದರೆ ಯಂತ್ರ ಕೊಟ್ಟಲ್ಲಿಗೆ ಕೆಲಸ ಮುಗಿಯಲಿಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ಟರು ಕಟ್ಟಿದ ‘ಸೇವಾ’ ಸಂಘಟನೆಯು, ಒಂಟಿಯಾಗಿ ದುಡಿಯುವ ಹೆಂಗಸರು ಒಟ್ಟುಗೂಡಿದರೆ ಅವರ ಬಲ ಬೇರೆಯೇ ಆಗುತ್ತದೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟಿದೆ. ಹತ್ತು ಮನೆಗಳಿಗೆ ಹತ್ತು ಯಂತ್ರ ಹಂಚುವುದರ ಜೊತೆಗೆ ಊರಿಗೊಂದು ಹೊಲಿಗೆಯ ಕೋಣೆಯನ್ನು ಕಟ್ಟಿಸಿಕೊಟ್ಟರೆ, ಹಬ್ಬದ ರಾಶಿಯನ್ನು ಹತ್ತು ಕೈಗಳು ಹಂಚಿಕೊಳ್ಳುತ್ತವೆ. ಸಂಜೆ ಅದಕ್ಕೆ ಬೀಗ ಬೀಳುತ್ತದೆ. ಬಾಗಿಲಿಲ್ಲದ ಉದ್ಯೋಗಕ್ಕೆ ಆಗ ಬಾಗಿಲು ದೊರೆತಂತಾಗುತ್ತದೆ.

ಮನೆಗಾಗಿ ಹೊಲಿಗೆ ಬಿಟ್ಟವಳನ್ನು ಗೌರವಿಸುವ ನಿಜವಾದ ರೀತಿ ಇದು: ಅವಳನ್ನು ಹೊಗಳುವುದಕ್ಕಿಂತ ಅವಳ ಭಾರವನ್ನು ಹಂಚಿಕೊಳ್ಳುವುದು. ಭಾರ ಹಂಚಿದ ಮನೆಗಳಲ್ಲಿ ಬಿಡಬೇಕೋ ಹಿಡಿಯಬೇಕೋ ಎಂಬುದು ಅವಳ ಇಚ್ಛೆಯಾಗುತ್ತದೆ. ಹಂಚದ ಮನೆಗಳಲ್ಲಿ ಅದು ಅವಳ ಹಣೆಬರಹವಾಗುತ್ತದೆ. ಮುಸುಕು ಹೊದ್ದ ಯಂತ್ರದ ಪಕ್ಕದಲ್ಲಿ ತಾಯಿ, ಮಗಳು, ತಂದೆ ಮೂವರೂ ಕೂಡಿ ನೋಟುಪುಸ್ತಕ ತೆರೆದರೆ, ಆ ಸಂಜೆಯ ಬೆಲೆಯನ್ನು ಯಾವ ಲೆಕ್ಕದ ಪುಸ್ತಕವೂ ಬರೆದಿಡಲಾರದು.