ಬಚ್ಚಲು ಯಾರಿಗೆ? ಫೋಟೋಕ್ಕೋ, ಮೀಯುವವರಿಗೋ?

ನೇರ ವಿಷಯಕ್ಕೆ ಬರ್ತೇನೆ. ಈಗ ನಮ್ಮ ಕೊಡಗಿನಲ್ಲಿ ಹೊಸ ಮನೆ ಕಟ್ಟುವವರು, ಹಳೇ ಮನೆ ರಿಪೇರಿ ಮಾಡಿಸುವವರು ಬಚ್ಚಲಿಗೆ ಹಾಕಿಸುವ ವೇಷ ನನಗೆ ಒಪ್ಪಿಗೆ ಇಲ್ಲ. ಕಪ್ಪು ಟೈಲ್ಸ್, ಕಪ್ಪು ನಲ್ಲಿ, ಕಪ್ಪು ಕಮೋಡು, ಗಾಜಿನ ಗೋಡೆ, ತಲೆ ಮೇಲೆ ಊಟದ ತಟ್ಟೆಯಷ್ಟು ಅಗಲದ ಶವರ್, ಕನ್ನಡಿ ಹಿಂದೆ ಅಡಗಿಸಿಟ್ಟ ಲೈಟು, ಬೇಸಿನ್ ಕೆಳಗೆ ಪ್ಲೈವುಡ್ ಕಪಾಟು. ‘ಸ್ಪಾ ಲುಕ್’ ಅಂತೆ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: “ಈಗ ಎಲ್ಲವು ಇದ್ನೇ ಹಾಕ್ಸುವೆ.”

ಎಲ್ಲರೂ ಹಾಕಿಸಲಿ. ನಾನು ಕೇಳುವುದು ಎರಡೇ ಪ್ರಶ್ನೆ. ಅದರಲ್ಲಿ ದಿನಾ ಮೀಯುವವರು ಯಾರು? ದಿನಾ ತೊಳೆಯುವವರು ಯಾರು? ಈ ಎರಡಕ್ಕೆ ಉತ್ತರ ಹೇಳದೆ ಟೈಲ್ಸ್ ಅಂಗಡಿಗೆ ಕಾಲಿಡಬಾರದು. ಯಾಕಂದರೆ ಆ ಫೋಟೋದ ಬಚ್ಚಲಲ್ಲಿ ಮನುಷ್ಯರೇ ಇಲ್ಲ. ಒಂದು ಬಕೆಟ್ ಇಲ್ಲ, ಚೆಂಬಿಲ್ಲ, ಒದ್ದೆ ಬೈರಾಸು ಇಲ್ಲ, ತೋಟದಿಂದ ಬಂದ ಕೆಸರು ಕಾಲಿಲ್ಲ.

ಮೊದಲು ಮಳೆಯ ಮಾತು. ಬೆಂಗಳೂರಲ್ಲಿ ವರ್ಷಕ್ಕೆ ಬೀಳುವುದು 1,000 ಮಿಲಿಮೀಟರ್ ಆಸುಪಾಸು. ಮಡಿಕೇರಿಯಲ್ಲಿ 3,000ಕ್ಕೂ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಉಪ್ಪಿನ ಭರಣಿ ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅಂಥಾ ಊರಲ್ಲಿ ಬಚ್ಚಲೊಳಗೆ ಪ್ಲೈವುಡ್ ಕಪಾಟು ಮಾಡಿಸಿದರೆ ಎಂತ ಆದೀತು? ಎರಡು ಮಳೆಗಾಲದಲ್ಲಿ ಬಾಗಿಲು ಉಬ್ಬಿ ನಿಲ್ತದೆ, ಒಳಗೆ ಜಿರಳೆ ಸಂಸಾರ ಹೂಡ್ತದೆ. ಟೈಲ್ಸ್ ಸಂದಿಯ ಸಿಮೆಂಟು ನೀರು ಹೀರಿ ಕಪ್ಪಾಗ್ತದೆ. ಕಪ್ಪು ಗೋಡೆಯಾದರೆ ಕೊಳೆ ಕಾಣುವುದಿಲ್ಲ ಅಂತ ಕೆಲವರು ಹೇಳ್ತಾರೆ. ಶುದ್ಧ ಸುಳ್ಳು. ಸೋಪಿನ ಬಿಳಿ ಕಲೆ, ಒಣಗಿದ ನೀರಿನ ಹನಿ ಎದ್ದು ಕಾಣುವುದೇ ಕಪ್ಪಿನ ಮೇಲೆ. ಅದು ಬೇಡ ಅಂದರೆ ಪ್ರತಿಯೊಬ್ಬರೂ ಮಿಂದ ಮೇಲೆ ಗಾಜನ್ನೂ ಗೋಡೆಯನ್ನೂ ಒರೆಸಿ ಬರಬೇಕು. ನಿಮ್ಮ ಮನೆಯಲ್ಲಿ ಯಾರು ಒರೆಸ್ತಾರೆ, ಅಕ್ಕಾ? ಗಂಡಸರಾ, ಮಕ್ಕಳಾ? “ತೊಳೆಯುದು ಯಾರ್?” ಅಂತ ಒಂದು ಮಾತು ಇಂಜಿನಿಯರನ ಎದುರೇ ಕೇಳಿ ನೋಡಿ. ಎಲ್ಲರ ಕಣ್ಣೂ ನಿಮ್ಮ ಕಡೆಗೇ ತಿರುಗ್ತದೆ.

ದೊಡ್ಡ ಶವರ್ ಸಂಗತಿಯೂ ಹಾಗೇ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕು ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಒಂದು ಬಾರಿನ ಮೂರನೇ ಒಂದು ಪಾಲೂ ಸಿಗಲಿಲ್ಲ. ತಟ್ಟೆಯಷ್ಟಗಲದಿಂದ ತೊಟ್ಟು ತೊಟ್ಟು ಬೀಳ್ತದೆ. ಅದಕ್ಕೊಂದು ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಆಟಿ ತಿಂಗಳಲ್ಲಿ ಮರ ಬಿದ್ದು ಲೈನು ಹೋದರೆ ನಮ್ಮಲ್ಲಿ ಕರೆಂಟು ಬರುವುದು ಎಷ್ಟು ದಿನಕ್ಕೆ ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ಸುಮ್ಮನಿರ್ತಿದ್ದೆ. ದುಡ್ಡು ಅವರದ್ದು, ಕಷ್ಟ ಅವರದ್ದು ಅನ್ನಬಹುದಿತ್ತು. ಆದರೆ ಈ ಸ್ಟೈಲಿನಲ್ಲಿ ಜೀವಕ್ಕೇ ಕುತ್ತು ತರುವ ಎರಡು ಸಂಗತಿ ಉಂಟು.

ಒಂದು, ಕಿಟಕಿ. ಚಳಿ ಬರ್ತದೆ, ಗೋಡೆಯ ಅಂದ ಕೆಡ್ತದೆ ಅಂತ ಕಿಟಕಿಯನ್ನೇ ತೆಗೆದು ಎಕ್ಸಾಸ್ಟ್ ಫ್ಯಾನ್ ಇಡ್ತಾರೆ. ಹೊರಗೆ ದೇವರು ಕೊಟ್ಟ ಕಾಡಿದೆ, ಏಲಕ್ಕಿ ಗಿಡ, ಕಾಫಿ, ಹಲಸು ಇದೆ. ಅದಕ್ಕೆ ಗೋಡೆ ಅಡ್ಡ ಕಟ್ಟಿ, ಗೋಡೆಗೆ ಎಲೆ ಚಿತ್ರದ ಟೈಲ್ಸ್ ಅಂಟಿಸ್ತಾರೆ! ನಗುವ ವಿಷಯ ಅಲ್ಲ. ಕರೆಂಟಿಲ್ಲದ ದಿನಕ್ಕೆ ಅಂತ ಅದೇ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರ್ತದೆ. ಕರೆಂಟಿಲ್ಲ ಅಂದರೆ ಫ್ಯಾನೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗ್ತದೆ, ಇದು ಗೊತ್ತಾಗುವುದಿಲ್ಲ. ತಲೆ ಸುತ್ತುತ್ತದೆ, ಕೂತಲ್ಲೇ ಮನುಷ್ಯ ಬೀಳ್ತಾನೆ, ಚಿಲಕ ಒಳಗಿಂದ ಹಾಕಿರ್ತದೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ ಗಾಳಿ ಆಡುವಲ್ಲಿ ಇರಬೇಕು, ನೀರು ಮಾತ್ರ ಪೈಪಲ್ಲಿ ಒಳಗೆ ಬರಬೇಕು. ಬಚ್ಚಲಿಗೆ ತೆರೆಯುವ ಕಿಟಕಿ ಬೇಕೇ ಬೇಕು. ಈ ಎರಡರಲ್ಲಿ ರಾಜಿ ಇಲ್ಲ.

ಎರಡು, ನೆಲ. ಕಪ್ಪು ನೆಲ, ಕಪ್ಪು ಗೋಡೆ, ಮಂದ ಲೈಟು. ಕಣ್ಣಿಗೆ ಪೊರೆ ಬಂದ ಅಜ್ಜಿಗೆ ನೀರು ಎಲ್ಲಿ ನಿಂತಿದೆ, ಮೆಟ್ಟಿಲ ಅಂಚು ಎಲ್ಲಿದೆ ಅಂತ ಹೇಗೆ ಕಾಣಬೇಕು? ನೆಂಟರ ಮನೆಯಲ್ಲಿ ಒಬ್ಬರು ಹಿರಿಯರು ನನ್ನ ಕೈ ಹಿಡಿದು ಹೇಳಿದ್ದು ಹೀಗೆ: “ಚೆಂದ ಉಟ್ಟು ಮಗಾ, ಆದರೆ ಮೀಯಿಕೆ ಹೆದ್ರಿಕೆ ಆದೆ.” ಲಕ್ಷಗಟ್ಟಲೆ ಸುರಿದು ಕಟ್ಟಿದ ಬಚ್ಚಲಲ್ಲಿ ಮನೆಯ ಯಜಮಾನಿಗೆ ಮೀಯಲು ಹೆದರಿಕೆ! ಆ ವಯಸ್ಸಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯುವುದೇ ಇಲ್ಲ. ಗೋಡೆಗೆ ಹಿಡಿ ಹಾಕಿಸಿ ಅಂದರೆ, “ಆಸ್ಪತ್ರೆ ಹಾಂಗೆ ಕಾಂಬದು” ಅಂತ ಬೇಡ ಅಂತಾರೆ. ಬಿದ್ದ ಮೇಲೆ ಹೋಗುವುದು ಅದೇ ಆಸ್ಪತ್ರೆಗೆ ಅಲ್ವಾ?

ಕಪ್ಪು ಕಮೋಡಿನ ಬಗ್ಗೆ ಒಂದು ಮಾತು, ನಗಬೇಡಿ. ಆಟಿ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ಮಾರನೇ ದಿನ ಮೂತ್ರ ಕೆಂಪಗಾಗುವುದು ನಮಗೆಲ್ಲ ಗೊತ್ತು, ಮಕ್ಕಳು ಅದನ್ನು ನೋಡಿ ಕೇಕೆ ಹಾಕುವುದೂ ಗೊತ್ತು. ಆದರೆ ಮದ್ದುಸೊಪ್ಪು ತಿನ್ನದ ದಿನ ಕೆಂಪು ಕಂಡರೆ, ಹಳದಿ ಹೆಚ್ಚಾದರೆ, ಡಾಕ್ಟರ ಹತ್ತಿರ ಓಡಬೇಕು. ಬಿಳಿ ಕಮೋಡು ಅದನ್ನು ತೋರಿಸ್ತದೆ, ಕಪ್ಪು ಮುಚ್ಚಿಡ್ತದೆ.

ಹೋಂಸ್ಟೇ ನಡೆಸುವವರ ಉತ್ತರ ನನಗೆ ಗೊತ್ತು. “ಬಂದವು ಎಂತ ಹೇಳುವೆ?” ಸರಿ, ಅದು ಹೊಟ್ಟೆಪಾಡು. ಆದರೆ ಬರುವವರು ಎರಡು ರಾತ್ರಿ ಇದ್ದು ಹೋಗುವವರು. ಅವರಿಗೆ ಬೇಕಾದ್ದು ಬಿಸಿನೀರು, ಶುಚಿ, ಒಣಗಿದ ಟವೆಲ್ಲು. ಮತ್ತೆ ಅವರ ಜೊತೆಗೂ ಅಪ್ಪ ಅಮ್ಮ ಬರ್ತಾರೆ, ಅವರೂ ಜಾರ್ತಾರೆ.

ಹಾಗಂತ ಹಳೇ ಬಚ್ಚಲೇ ಸ್ವರ್ಗ ಅಂತ ನಾನು ಹಾಡ್ತಾ ಇಲ್ಲ. ಹೊಗೆ, ಕತ್ತಲೆ, ಪಾಚಿ ಹಿಡಿದ ಕಲ್ಲು, ಮಳೆಯಲ್ಲಿ ಅಂಗಳ ದಾಟಿ ಹೋಗುವ ಕಷ್ಟ, ಹಸಿ ಸೌದೆ ಊದಿ ಊದಿ ಉರಿದ ಕಣ್ಣು, ಎಲ್ಲವೂ ಹೆಂಗಸರದ್ದೇ ಆಗಿತ್ತು. ಆ ಕಷ್ಟ ಹೋಗಲಿ. ಅದರ ಬದಲಿಗೆ ಬೇರೆ ಕಷ್ಟವನ್ನು ದುಡ್ಡು ಕೊಟ್ಟು ತರುವುದು ಯಾಕೆ?

ಚೆಂದವೂ ಬೇಡ ಅಂತಲ್ಲ. ಬಚ್ಚಲಿಗೆ ಅಲಂಕಾರ ಮಾಡುವುದನ್ನು ನಮಗೆ ಮೊಬೈಲ್ ಕಲಿಸಬೇಕಾಗಿಲ್ಲ. ನೀರು ತುಂಬುವ ಹಬ್ಬದ ದಿನ ತಾಮ್ರದ ಹಂಡೆಯನ್ನು ಹುಳಿ ಹಾಕಿ ತಿಕ್ಕಿ ಫಳಫಳ ಮಾಡಿ, ಸುಣ್ಣದ ಗೆರೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ, ರಂಗೋಲಿ ಇಡುವ ಜನ ನಾವು. ಕನ್ನಡನಾಡಿನಲ್ಲಿ ಬಚ್ಚಲಿಗೂ ಒಂದು ಹಬ್ಬ ಉಂಟು. ಆದರೆ ಅಲ್ಲಿ ಚೆಂದ ಬರುವುದು ತೊಳೆಯುವುದರಿಂದ. ತೊಳೆಯುವುದಕ್ಕೆ ಅಡ್ಡಿ ಆಗುವ ಚೆಂದ ಅದಲ್ಲ.

ಆದ್ದರಿಂದ ಮೇಸ್ತ್ರಿಗೆ ಮೊದಲ ದಿನವೇ ಹೇಳಿ. ತಿಳಿ ಬಣ್ಣದ ಗೋಡೆ, ಬೇಕಿದ್ದರೆ ಒಂದು ಸಾಲು ಬಣ್ಣದ ಟೈಲ್ಸ್. ನೆಲಕ್ಕೆ ಸಣ್ಣ ಅಳತೆಯ, ಗೋಡೆಗಿಂತ ಬೇರೆ ಬಣ್ಣದ, ಜಾರದ ಟೈಲ್ಸ್. ಕೆಲವು ಪೆಟ್ಟಿಗೆ ಮೇಲೆ ಆರ್ 9ರಿಂದ ಆರ್ 13ರವರೆಗೆ ಗುರುತಿರ್ತದೆ, ಅಂಕಿ ಹೆಚ್ಚಾದಷ್ಟು ಹಿಡಿತ ಹೆಚ್ಚು. ಅಂಗಡಿಯಲ್ಲೇ ಒಂದು ಬಿಲ್ಲೆಗೆ ನೀರು ಸುರಿಸಿ ಬರಿಗಾಲಿಟ್ಟು ನೋಡಿ, ನಾಚಿಕೆ ಬೇಡ. ಸಂದಿಗೆ ಎಪಾಕ್ಸಿ ತುಂಬಿಸಿ, ಅದು ನೀರು ಹೀರುವುದಿಲ್ಲ. ನೀರು ನಿಲ್ಲದ ಹಾಗೆ ಇಳಿಜಾರು ಕೊಡಿಸಿ, ಒಂದು ಬಕೆಟ್ ಹೊಯ್ದು ನೋಡಿದ ಮೇಲೆಯೇ ಕೂಲಿ ಕೊಡಿ. ಬಾಗಿಲು ಹೊರಗೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡ ಆಗಬಾರದು. ಕಮೋಡಿನ ಪಕ್ಕ, ಮೀಯುವಲ್ಲಿ, ಗೋಡೆಗೆ ಗಟ್ಟಿ ಹಿಡಿ. ಕೂತು ಮೀಯಲು ಒಂದು ಕಟ್ಟೆ. ಕರೆಂಟ್ ಗೀಸರ್ ಇದ್ದರೆ ಶಾಕ್ ಹೊಡೆಯದ ಹಾಗೆ ತಡೆಯುವ ಸ್ವಿಚ್ಚು. ತೋಟದಿಂದ ಬಂದವರು ಜಿಗಣೆ, ಕೆಸರು ತೊಳೆದು ಒಳಗೆ ಬರುವ ಹಾಗೆ ಹೊರಗೊಂದು ನಲ್ಲಿ.

ಇದನ್ನೆಲ್ಲ ಮಾಡಿಸಿದ ಮೇಲೆ ದುಡ್ಡು ಉಳಿದರೆ ಕನ್ನಡಿ ಹಿಂದೆ ಲೈಟು ಹಾಕಿಸಿ. ನಾನೇ ಬಂದು ಮುಖ ನೋಡಿಕೊಂಡು ಹೋಗ್ತೇನೆ.