ತಿದ್ದಿದ ಗುರುತೂ ಉಳಿಯಲಿ

ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲಿ ಒಂದು ಹಳೆಯ ಚಾಳಿಯಿದೆ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕಾದ ಹುಡುಗರು, ಉತ್ತರ 9.8ರ ಹತ್ತಿರ ಬರಬೇಕೆಂದು ಮೊದಲೇ ತಿಳಿದಿರುವುದರಿಂದ, ಅದಕ್ಕೆ ಹೊಂದುವಂತೆ ರೀಡಿಂಗ್ ಬರೆದುಬಿಡುತ್ತಾರೆ. ರೆಕಾರ್ಡ್ ಪುಸ್ತಕ ಅಚ್ಚುಕಟ್ಟಾಗಿರುತ್ತದೆ. ಕಲಿಕೆ ಮಾತ್ರ ಆಗಿರುವುದಿಲ್ಲ. ಕಂಪ್ಯೂಟರ್ ಓದುವವರಲ್ಲಿ ಇದೇ ಚಾಳಿಗೆ ಬೇರೆ ರೂಪವಿದೆ: ಸಿದ್ಧ ಪ್ರಾಜೆಕ್ಟನ್ನು ಹಣ ಕೊಟ್ಟು ತಂದು, ಹೆಸರು ಬದಲಿಸಿ ಒಪ್ಪಿಸುವುದು. ಇದಕ್ಕೆ ಮದ್ದಾಗಬಲ್ಲ ಸಾಧನವೊಂದು ಉಚಿತವಾಗಿಯೇ ಸಿಗುತ್ತದೆ. ಅದು ಗಿಟ್‌ಹಬ್.

ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆಂದು ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ತಂತ್ರಾಂಶವನ್ನು ರಚಿಸಿದರು. ಕಡತದಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಇತಿಹಾಸವನ್ನು ಇಟ್ಟುಕೊಳ್ಳುವುದೇ ಅದರ ಕೆಲಸ. ಆ ಇತಿಹಾಸವನ್ನು ಅಂತರಜಾಲದಲ್ಲಿಟ್ಟು ಹಲವರು ಕೂಡಿ ದುಡಿಯಲು 2008ರಲ್ಲಿ ಆರಂಭವಾದ ತಾಣವೇ ಗಿಟ್‌ಹಬ್. 2018ರಿಂದ ಇದು ಮೈಕ್ರೋಸಾಫ್ಟ್ ಒಡೆತನದಲ್ಲಿದೆ.

ಅನೇಕ ವಿದ್ಯಾರ್ಥಿಗಳು ಇದನ್ನು ಅಟ್ಟದಂತೆ ಬಳಸುತ್ತಾರೆ. ಪ್ರಾಜೆಕ್ಟ್ ಮುಗಿದ ಮೇಲೆ ಎಲ್ಲವನ್ನೂ ಒಮ್ಮೆಲೇ ಎತ್ತಿ ಹಾಕುತ್ತಾರೆ. ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಂದು ಸಣ್ಣ ಕೆಲಸ ಮುಗಿದಾಗಲೆಲ್ಲ ‘ಕಮಿಟ್’ ಮಾಡಬೇಕು. ಅದರ ಜೊತೆಗಿನ ಟಿಪ್ಪಣಿಯಲ್ಲಿ ‘ಬದಲಾವಣೆ’ ಎಂದಷ್ಟೇ ಬರೆಯದೆ, ‘ಸೊನ್ನೆಯಿಂದ ಭಾಗಿಸಿದಾಗ ನಿಲ್ಲುತ್ತಿದ್ದುದನ್ನು ಸರಿಪಡಿಸಿದೆ’ ಎಂದು ಕಾರಣ ಬರೆಯಬೇಕು. ಆರು ತಿಂಗಳ ನಂತರ ನಿಮಗೇ ಅದು ಉಪಯೋಗಕ್ಕೆ ಬರುತ್ತದೆ. ಹೊಸ ಪ್ರಯೋಗವನ್ನು ಪ್ರತ್ಯೇಕ ‘ಬ್ರಾಂಚ್’ನಲ್ಲಿ ಮಾಡಿದರೆ, ಕೆಟ್ಟರೂ ಮೂಲಕ್ಕೆ ಧಕ್ಕೆಯಿಲ್ಲ. ‘ರೀಡ್‌ಮಿ’ ಕಡತದಲ್ಲಿ ಇದು ಯಾವುದಕ್ಕಾಗಿ, ನಡೆಸುವುದು ಹೇಗೆ ಎಂದು ಸರಳವಾಗಿ ವಿವರಿಸಿ.

ಎರಡನೆಯ ಹೆಜ್ಜೆ, ಇತರರೊಡನೆ ದುಡಿಯುವುದು. ಅನೇಕ ಯೋಜನೆಗಳು ಹೊಸಬರಿಗೆಂದೇ ‘ಗುಡ್ ಫಸ್ಟ್ ಇಶ್ಯೂ’ ಎಂಬ ಗುರುತು ಹಾಕಿ ಸುಲಭ ಕೆಲಸಗಳನ್ನು ಇಟ್ಟಿರುತ್ತವೆ. ಅವರ ಭಂಡಾರವನ್ನು ‘ಫೋರ್ಕ್’ ಮಾಡಿದರೆ ನಿಮ್ಮದೇ ಪ್ರತಿ ಸಿಗುತ್ತದೆ. ಅದರಲ್ಲಿ ತಿದ್ದಿ, ‘ಪುಲ್ ರಿಕ್ವೆಸ್ಟ್’ ಮೂಲಕ ಒಪ್ಪಿಗೆ ಕೇಳಬಹುದು. ಕಾಗುಣಿತದ ತಪ್ಪನ್ನು ತಿದ್ದುವುದರಿಂದಲೂ ಆರಂಭಿಸಬಹುದು. ಕನ್ನಡದ ನೋಟೊ ಸಾನ್ಸ್ ಫಾಂಟಿನ ಕಡತಗಳೂ ಅಲ್ಲಿ ಮುಕ್ತವಾಗಿವೆ. ಒತ್ತಕ್ಷರ ಸರಿಯಾಗಿ ಮೂಡದಿದ್ದರೆ ಅದನ್ನು ವಿವರವಾಗಿ ತಿಳಿಸುವುದೂ ಒಂದು ಸೇವೆಯೇ. ನಿಮ್ಮ ತಿದ್ದುಪಡಿ ತಿರಸ್ಕೃತವಾದರೆ ಬೇಸರ ಬೇಡ. ಅಲ್ಲಿ ಬರೆದ ಕಾರಣವನ್ನು ಓದುವುದೇ ಒಂದು ಪಾಠ.

ಕೆಲವು ಎಚ್ಚರಿಕೆಗಳೂ ಅಗತ್ಯ. ಪಾಸ್‌ವರ್ಡನ್ನು ಕೋಡಿನೊಳಗೆ ಬರೆದು ಸಾರ್ವಜನಿಕವಾಗಿ ಇಡಬಾರದು. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ಪಾಸ್‌ವರ್ಡನ್ನೇ ಕೂಡಲೇ ಬದಲಿಸಬೇಕು. ಇನ್ನು, ಎಲ್ಲರಿಗೂ ಕಾಣಿಸುತ್ತದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಬಳಸಬಹುದೆಂದಲ್ಲ. ಪರವಾನಗಿ ಇಲ್ಲದ ಕೋಡಿನ ಹಕ್ಕು ಬರೆದವರದೇ. ಬಳಸುವ ಮುನ್ನ ಪರವಾನಗಿಯನ್ನು ಓದಿ.

ಪಾಲಕರಿಗೊಂದು ಮಾತು. ಇಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷ ತುಂಬಿರಬೇಕು. ಖಾತೆಯ ಪುಟದಲ್ಲಿ, ಕೆಲಸ ಮಾಡಿದ ದಿನಗಳಿಗೆ ಹಸಿರು ಚೌಕಗಳು ಮೂಡುತ್ತವೆ. ಅವನ್ನು ಎಣಿಸಿ ಮಕ್ಕಳನ್ನು ಅಳೆಯಬೇಡಿ. ಚೌಕ ತುಂಬಿಸಲೆಂದೇ ಅರ್ಥವಿಲ್ಲದ ಕಮಿಟ್ ಮಾಡುವುದಕ್ಕೂ 9.8ಕ್ಕೆ ಹೊಂದುವಂತೆ ರೀಡಿಂಗ್ ಬರೆಯುವುದಕ್ಕೂ ವ್ಯತ್ಯಾಸವಿಲ್ಲ. ಬದಲಿಗೆ, ‘ಈ ವಾರ ಏನನ್ನು ತಿದ್ದಿದೆ? ಏಕೆ ತಿದ್ದಬೇಕಾಯಿತು?’ ಎಂದು ಕೇಳಿ. ತಾನೇ ಮಾಡಿದ ಮಗು ಉತ್ತರ ಹೇಳುತ್ತದೆ. ಕೊಂಡು ತಂದ ಪ್ರಾಜೆಕ್ಟಿಗೆ ಆ ಉತ್ತರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.